ಟೀ ಟೈಮಿನ ಫಿಸಿಕ್ಸ್

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಸಿಎನ್‌ಸಿ ಸೆಟ್ಟರ್, ಅಂದರೆ ಕಂಪ್ಯೂಟರಿನಿಂದ ಓಡುವ ಮೆಷಿನ್ನುಗಳನ್ನು ಅಣಿಮಾಡುವ ಕೆಲಸ. ಹೈಸ್ಕೂಲಿನಿಂದಲೂ ನನಗೆ ಫಿಸಿಕ್ಸ್ ಅಂದರೆ ಪ್ರಾಣ. ಬಿಎಸ್ಸಿ ಓದುವ ಆಸೆ ಇತ್ತು, ಮನೆ ಪರಿಸ್ಥಿತಿ ಬಿಡಲಿಲ್ಲ. ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿದೆ. ಹೋದ ತಿಂಗಳು ಶಾಪಿನವರನ್ನೆಲ್ಲ ಸೇರಿಸಿ, ಫಿಸಿಕ್ಸ್ ಮಾತಾಡೋಣ ಅಂತ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ. ಕಪ್ಪು ಕುಳಿಯ ಬಗ್ಗೆ ಒಳ್ಳೆಯ ವಿಡಿಯೋ ಹಾಕಿದೆ. ಕೆಲವರು ಥಂಬ್ಸ್ ಅಪ್ ಒತ್ತಿದರು, ಅಷ್ಟೇ. ಈಗ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಬರುತ್ತದೆ, ಇಲ್ಲವೇ 'ಇವತ್ತು ರಾತ್ರಿ ಫೋನ್ ಆಫ್ ಮಾಡಿ, ನಾಸಾ ಹೇಳಿದೆ' ಅನ್ನುವ ಫಾರ್ವರ್ಡು. ಸೂಪರ್‌ವೈಸರ್ ಬೇರೆ 'ಇದೆಲ್ಲ ಯಾಕಪ್ಪಾ, ಪ್ರೊಡಕ್ಷನ್ ನೋಡು' ಅಂದರು. ಬಿಟ್ಟುಬಿಡಲಾ, ಇಲ್ಲ ಬೇರೆ ದಾರಿ ಇದೆಯಾ?
— ಓದುಗರೊಬ್ಬರು, ಪೀಣ್ಯ, ಬೆಂಗಳೂರು

ಉತ್ತರ: ಬಿಡಬೇಡಿ. ನಿಮ್ಮ ಕಾಗದ ಓದಿ ತುಂಬಾ ಖುಷಿಯಾಯಿತು. ಇಂಥದೇ ಇನ್ನೆರಡು ಕಾಗದ ಬಂದಿದ್ದವು. ಹಾಗಾಗಿ ಈ ಸಲದ ಪುಟವನ್ನೆಲ್ಲ ಇದೇ ವಿಷಯಕ್ಕೆ ಇಟ್ಟಿದ್ದೇನೆ.

ಕಪ್ಪು ಕುಳಿಯ ವಿಡಿಯೋ ಚೆನ್ನಾಗಿಯೇ ಇದ್ದಿರಬೇಕು. ಆದರೆ ಅದನ್ನು ನೋಡಿ ನಿಮ್ಮ ಟರ್ನರ್, ಗ್ರೈಂಡರ್, ಫಿಟ್ಟರ್ ಏನು ಹೇಳಬೇಕು? 'ಸೂಪರ್' ಅನ್ನಬಹುದು. ಅಲ್ಲಿಗೆ ಮಾತು ಮುಗಿಯಿತು. ಅದೇ ಬಿಸಿ ಉಕ್ಕಿನ ವಿಷಯ ತೆಗೆಯಿರಿ. ದಿನವಿಡೀ ಅದನ್ನೇ ಹಿಡಿದವರು ಅವರು, ಹೇಳುವುದು ಬೇಕಾದಷ್ಟಿರುತ್ತದೆ. ಮುಂದಿನ ಟೀ ಬ್ರೇಕಿನೊಳಗೆ, ಶಾಪಿನಲ್ಲಿರುವ ಸಾಮಾನಿನಲ್ಲೇ ಪರೀಕ್ಷೆ ಮಾಡಬಹುದಾದ ಪ್ರಶ್ನೆ ಕೇಳಿ. ಇಂಥ ಗ್ರೂಪು ಉಳಿಯಬೇಕಾದರೆ ಇದಕ್ಕಿಂತ ದೊಡ್ಡ ದಾರಿ ನನಗೆ ಕಂಡಿಲ್ಲ.

ನಾನು ಕೆಲಸ ಮಾಡಿದ್ದು ಬೆಂಗಳೂರಿನದೇ ಒಂದು ಕಾರ್ಖಾನೆಯ ಮೆಟ್ರಾಲಜಿ ಲ್ಯಾಬಿನಲ್ಲಿ, ಅಂದರೆ ಅಳತೆಯ ಲ್ಯಾಬಿನಲ್ಲಿ. ಶಾಪಿನಲ್ಲಿ ಅಳೆಯುವ ಗೇಜುಗಳೆಲ್ಲ ಕ್ಯಾಲಿಬ್ರೇಷನ್‌ಗೆ, ಅಂದರೆ ಸರಿಯಾಗಿ ತೋರಿಸುತ್ತವೆಯೇ ಅನ್ನುವ ಪರೀಕ್ಷೆಗೆ, ನಮ್ಮಲ್ಲಿಗೇ ಬರುತ್ತಿದ್ದವು. ಹೊರಗೆ ಏಪ್ರಿಲ್ ಬಿಸಿಲು ಸುಡುತ್ತಿದ್ದರೂ ನಮ್ಮ ಕೋಣೆಯಲ್ಲಿ 20 ಡಿಗ್ರಿ, ಸ್ವೆಟರ್ ಹಾಕಿಕೊಂಡೇ ಕೂರಬೇಕು. ಬಾಗಿಲ ಪಕ್ಕ ಒಂದು ಕರಿಹಲಗೆ ಇತ್ತು. ಸೋಮವಾರ ಅದರ ಮೇಲೆ ಒಂದು ಪ್ರಶ್ನೆ ಬರೆಯುವುದು, ಶುಕ್ರವಾರ ಊಟದ ಹೊತ್ತಿಗೆ ಎಲ್ಲರೂ ಸೇರಿ ಉತ್ತರ ಮಾತಾಡುವುದು ರೂಢಿಯಾಗಿತ್ತು. ಆಗ ಫೋನಿನ ಗ್ರೂಪು ಎಲ್ಲಿತ್ತು? ಗೇಜು ಕೊಡಲು ಬಂದವರು ನಿಂತು ಓದಿಕೊಂಡು, ಶಾಪಿಗೆ ಹೋಗಿ ಬೇರೆಯವರಿಗೆ ಹೇಳುತ್ತಿದ್ದರು.

ಒಂದು ವಾರದ ಪ್ರಶ್ನೆ ಇದು: ನಡುವೆ ತೂತಿರುವ ಉಕ್ಕಿನ ಪ್ಲೇಟನ್ನು ಕಾಯಿಸಿದರೆ ತೂತು ದೊಡ್ಡದಾಗುತ್ತದೋ, ಚಿಕ್ಕದಾಗುತ್ತದೋ?

ಡಿಸೈನ್ ಆಫೀಸಿನ ಹುಡುಗರು ತಟ್ಟನೆ 'ಚಿಕ್ಕದು' ಅಂದರು. ಲೋಹ ಎಲ್ಲಾ ಕಡೆಗೂ ಹಿಗ್ಗುತ್ತದೆ, ಅಂದಮೇಲೆ ತೂತಿನ ಒಳಕ್ಕೂ ಹಿಗ್ಗಬೇಕು, ಅಲ್ವಾ? ಕೇಳುವುದಕ್ಕೆ ಸರಿಯಾಗಿಯೇ ಇದೆ. ಹಿಂದೆ ನಿಂತಿದ್ದ ಮೆಂಟೆನೆನ್ಸ್ ಫಿಟ್ಟರ್ ಒಬ್ಬರು ಕೇಳಿದರು: 'ಹಂಗಾದ್ರೆ ನಾವು ಬೇರಿಂಗ್ ಕಾಯಿಸಿ ಶಾಫ್ಟಿಗೆ ಹಾಕೋದು ಹೆಂಗೆ ಸಾರ್?' ಅವರು ಏಳನೇ ಕ್ಲಾಸಿನವರೆಗೆ ಓದಿದವರು. ತಣ್ಣಗಿದ್ದಾಗ ಶಾಫ್ಟಿನ ಮೇಲೆ ಕೂರಲು ಒಪ್ಪದ ಬೇರಿಂಗು, 110 ಡಿಗ್ರಿಗೆ ಕಾಯಿಸಿದರೆ ಗ್ಲೌಸ್ ಹಾಕಿದ ಕೈಯಲ್ಲಿ ತಳ್ಳಿದಷ್ಟಕ್ಕೇ ಜಾರಿಕೊಂಡು ಹೋಗುತ್ತದೆ. ತೂತು ದೊಡ್ಡದಾಗದೆ ಇದು ಆಗುವ ಮಾತೇ? 60 ಮಿಲಿಮೀಟರ್ ಬೋರಿನ (ಒಳತೂತಿನ) ಬೇರಿಂಗನ್ನು 80 ಡಿಗ್ರಿಯಷ್ಟು ಮೇಲಕ್ಕೆ ಕಾಯಿಸಿದರೆ ಬೋರು ಸುಮಾರು 55 ಮೈಕ್ರಾನ್ ಹಿಗ್ಗುತ್ತದೆ (ಮಿಲಿಮೀಟರಿನ ಸಾವಿರದ ಒಂದು ಪಾಲೇ ಮೈಕ್ರಾನ್). ಲೆಕ್ಕವನ್ನು ಅವರು ಯಾವತ್ತೂ ಹಾಕಿರಲಿಲ್ಲ, ಉತ್ತರ ಮಾತ್ರ ಅವರ ಕೈಗೆ ಎಂದೋ ಗೊತ್ತಿತ್ತು.

ಆಮೇಲೆ ಕಾರಣವನ್ನು ಡಿಸೈನ್ ಆಫೀಸಿನವರೇ ಹುಡುಕಿದರು. ತೂತು ಕೊರೆಯುವ ಮೊದಲು ಪ್ಲೇಟಿನ ಮೇಲೆ ಅಷ್ಟೇ ಅಗಲದ ವೃತ್ತ ಗೀಚಿದ್ದೇವೆ ಅಂದುಕೊಳ್ಳಿ. ಇಡೀ ಪ್ಲೇಟು ಒಂದೇ ಸಮ ಕಾದರೆ ವೃತ್ತವೂ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ. ಒಳಗಿನ ಬಿಲ್ಲೆಯೂ ಹಿಗ್ಗುತ್ತದೆ, ಸುತ್ತಲಿನ ಲೋಹವೂ ಹಿಗ್ಗುತ್ತದೆ, ಒಂದನ್ನೊಂದು ನೂಕುವುದಿಲ್ಲ. ಹಾಗಿದ್ದಮೇಲೆ ಬಿಲ್ಲೆಯನ್ನು ಕತ್ತರಿಸಿ ತೆಗೆದರೂ ಸುತ್ತಲಿನ ಲೋಹಕ್ಕೆ ಏನೂ ವ್ಯತ್ಯಾಸವಾಗಬಾರದು. ಅವತ್ತು ಫಿಟ್ಟರಿಗೆ ಕಾರಣ ಸಿಕ್ಕಿತು, ಇಂಜಿನಿಯರುಗಳಿಗೆ ಉತ್ತರ ಸಿಕ್ಕಿತು. ಮುಂದಿನ ವಾರದಿಂದ ಫಿಟ್ಟಿಂಗ್ ಸೆಕ್ಷನ್ನಿನವರು ಹಲಗೆಯ ಮುಂದೆ ತಾವಾಗಿ ಬಂದು ನಿಲ್ಲತೊಡಗಿದರು.

ನಿಮ್ಮ ಶಾಪಿಗೆ ಮೊದಲ ಪ್ರಶ್ನೆಯನ್ನು ನಾನೇ ಕೊಡುತ್ತೇನೆ. ಈಗಷ್ಟೇ ಮೆಷಿನ್ನಿನಿಂದ ಇಳಿದ ಶಾಫ್ಟನ್ನು ಅಳೆಯಿರಿ. ಅದನ್ನೇ ನಾಳೆ ಬೆಳಿಗ್ಗೆ ಅಳೆದರೆ ಎಷ್ಟು ಬರುತ್ತದೆ? ಒಂದು ಡಿಜಿಟಲ್ ಮೈಕ್ರೋಮೀಟರ್ ಇದ್ದರೆ ಸಾಕು. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 50 ಮಿಲಿಮೀಟರ್ ವ್ಯಾಸದ ಶಾಫ್ಟು 15 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 9 ಮೈಕ್ರಾನ್ ಜಾಸ್ತಿ ತೋರಿಸುತ್ತದೆ. ಅಲ್ಯೂಮಿನಿಯಂ ಆದರೆ ಹೆಚ್ಚುಕಡಿಮೆ ಅದರ ಎರಡರಷ್ಟು, 17 ಮೈಕ್ರಾನ್. ಡ್ರಾಯಿಂಗಿನಲ್ಲಿ ಟಾಲರೆನ್ಸೇ (ಅಳತೆಯಲ್ಲಿ ಒಪ್ಪುವ ಏರುಪೇರು) 10 ಮೈಕ್ರಾನ್ ಇದ್ದರೆ? ಸಂಜೆ ಪಾಸಾದ ಜಾಬು (ಮೆಷಿನ್ನಿನಲ್ಲಿ ಮಾಡಿದ ಭಾಗ) ಬೆಳಿಗ್ಗೆ ರಿಜೆಕ್ಟ್. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ಸೂಪರ್‌ವೈಸರ್ ಮುಂದಿಡಿ. ಪ್ರೊಡಕ್ಷನ್ ನೋಡು ಅಂದವರು ಅವರೇ ತಾನೇ, ಇದು ಪ್ರೊಡಕ್ಷನ್ನೇ. ಡ್ರಾಯಿಂಗಿನ ಮೇಲಿನ ಅಳತೆ ಅಂದರೆ 20 ಡಿಗ್ರಿಯಲ್ಲಿರುವ ಜಾಬಿನ ಅಳತೆ. ಜಗತ್ತಿನೆಲ್ಲೆಡೆ ಒಪ್ಪಿಕೊಂಡ ನಿಯಮ ಅದು. ನಾವು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದುದು ಅದಕ್ಕೇ.

ಜೊತೆಗೆ ಒಂದು ಮರಿಪ್ರಶ್ನೆ. ಮೈಕ್ರೋಮೀಟರಿನ ಫ್ರೇಮಿನ ಮೇಲೆ ಪ್ಲಾಸ್ಟಿಕ್ ಪಟ್ಟಿ ಯಾಕಿದೆ? ಹಿಡಿತಕ್ಕೆ ಅಂದುಕೊಂಡವರೇ ಜಾಸ್ತಿ. ಕೈಯ ಬಿಸಿ ಫ್ರೇಮಿಗೆ ಹೋಗದಿರಲಿ ಅಂತ ಅದನ್ನು ಹಾಕಿರುತ್ತಾರೆ. ಪಟ್ಟಿ ಬಿಟ್ಟು ಬರೀ ಲೋಹವನ್ನು ಹಿಡಿದುಕೊಂಡು ಸ್ವಲ್ಪ ಹೊತ್ತಾದ ಮೇಲೆ ಅದೇ ಜಾಬನ್ನು ಅಳೆಯಲು ಹೇಳಿ. ವ್ಯತ್ಯಾಸ ಅವರ ಕಣ್ಣಿಗೇ ಬೀಳಲಿ.

ಎರಡನೆಯ ವಾರಕ್ಕೆ ಟ್ಯೂಬ್ ಲೈಟು. ಹಳೆಯ ಚೋಕ್ ಇರುವ ಟ್ಯೂಬಿನ ಕೆಳಗೆ, ತಿರುಗುತ್ತಿರುವ ಲೇತ್ ಚಕ್ಕು (ಜಾಬನ್ನು ಹಿಡಿದು ತಿರುಗಿಸುವ ಭಾಗ) ನಿಂತ ಹಾಗೆ ಕಂಡದ್ದನ್ನು ನಿಮ್ಮಲ್ಲಿ ಹಿರಿಯರು ನೋಡಿರುತ್ತಾರೆ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿಗೆ ಎರಡು ಸಲದಂತೆ ಟ್ಯೂಬು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ನಾಲ್ಕು ಜಾ (ಹಿಡಿಯುವ ದವಡೆ) ಇರುವ ಚಕ್ಕು 1500 ಆರ್‌ಪಿಎಂನಲ್ಲಿ ತಿರುಗಿದರೆ ಸೆಕೆಂಡಿಗೆ 25 ಸುತ್ತು. ಸುತ್ತಿಗೆ ನಾಲ್ಕು ಜಾ. ಅಂದರೆ ಸೆಕೆಂಡಿಗೆ 100 ಸಲ ಯಾವುದೋ ಒಂದು ಜಾ ಅದೇ ಜಾಗಕ್ಕೆ ಬರುತ್ತದೆ. ಬೆಳಕು ಬಂದಾಗಲೆಲ್ಲ ಕಣ್ಣಿಗೆ ಅಲ್ಲೊಂದು ಜಾ ಕಾಣುತ್ತದೆ, ಚಕ್ಕು ನಿಂತಿದೆ ಅನ್ನಿಸುತ್ತದೆ. ಮೂರು ಜಾ ಚಕ್ಕಾದರೆ ಯಾವ ಸ್ಪೀಡಿನಲ್ಲಿ ಹೀಗಾಗಬೇಕು ಅಂತ ಗ್ರೂಪಿನಲ್ಲಿ ಕೇಳಿ. 2000 ಅನ್ನುವ ಉತ್ತರ ಅವರಿಂದಲೇ ಬರಲಿ. ನಿಂತಿದೆ ಅಂತ ಕೈ ಹಾಕಿದರೆ ಬೆರಳು ಹೋಗುತ್ತದೆ. ಪಕ್ಕಪಕ್ಕದ ಟ್ಯೂಬುಗಳನ್ನು ಬೇರೆ ಬೇರೆ ಫೇಸಿಗೆ ಹಾಕುವ ಪದ್ಧತಿ ಇದಕ್ಕಾಗಿಯೇ ಬಂದದ್ದು. ಈಗ ನಿಮ್ಮಲ್ಲಿ ಎಲ್‌ಇಡಿ ಇರಬಹುದು. ಮೆಷಿನ್ನಿನಿಂದ ದೂರ ನಿಂತು, ಫೋನಿನ ಸ್ಲೋ ಮೋಷನ್ನಿನಲ್ಲಿ ಬರೀ ಲೈಟಿನ ವಿಡಿಯೋ ತೆಗೆಯಿರಿ. ಒಳ್ಳೆಯ ಡ್ರೈವರ್ ಇರುವ ಲೈಟು ಒಂದೇ ಸಮ ಬೆಳಗುತ್ತದೆ, ಕೆಲವು ಅಗ್ಗದವು ಪಟಪಟ ಮಿನುಗುತ್ತವೆ. ಹಾಗೆ ಮಿನುಗುವ ಲೈಟು ಲೇತಿನ ಮೇಲಿದ್ದರೆ ಬದಲಾಯಿಸಲು ಹೇಳಿ. ಗ್ರೂಪಿನಿಂದ ಅಷ್ಟಾದರೂ ಸಾರ್ಥಕ.

ಉಕ್ಕನ್ನು ಕತ್ತರಿಸುವಾಗ ಸುರಿಯುವ ಚೂರು, ಅಂದರೆ ಚಿಪ್ಸು, ನೀಲಿಯಾಗುವುದು ಯಾಕೆ? ಎರಡು ಸ್ಲಿಪ್ ಗೇಜುಗಳನ್ನು (ಅಳತೆ ತಾಳೆ ನೋಡುವ ನುಣುಪಾದ ಉಕ್ಕಿನ ತುಂಡುಗಳು) ಒರೆಸಿ ಒತ್ತಿ ತಿರುಗಿಸಿದರೆ ಅಂಟಿಕೊಳ್ಳುವುದು ಯಾಕೆ? ಗಾಳಿಯ ಒತ್ತಡದಿಂದ ಅಂತ ನಿಮ್ಮಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಆಗ ಲೆಕ್ಕ ಹಾಕಿಸಿ. ಗೇಜಿನ ಮುಖ 9 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಉದ್ದ. ಗಾಳಿ ಒತ್ತುವುದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ. ಹಾಗಾದರೆ ಮೂರು ಕೆಜಿಯ ಎಳೆತಕ್ಕೆ ಬಿಟ್ಟುಕೊಳ್ಳಬೇಕಿತ್ತಲ್ಲ? ಚೆನ್ನಾಗಿ ಅಂಟಿದ ಗೇಜು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಗಾಳಿ ತೆಗೆದ ಪಾತ್ರೆಯಲ್ಲಿಟ್ಟರೂ ಅಂಟಿಕೊಂಡೇ ಇರುತ್ತದೆ. ಮುಖಗಳು ಅಷ್ಟು ನುಣುಪಾಗಿರುವುದರಿಂದ ಅಣುಗಳೇ ಒಂದನ್ನೊಂದು ಎಳೆಯುವಷ್ಟು ಹತ್ತಿರ ಬರುತ್ತವೆ. ನಡುವೆ ಉಳಿದ ತೀರಾ ತೆಳುವಾದ ಎಣ್ಣೆ ಅಥವಾ ತೇವದ ಪದರವೂ ಹಿಡಿದುಕೊಳ್ಳುತ್ತದೆ. ನೀಲಿ ಚಿಪ್ಸಿನ ಉತ್ತರ ನಾನು ಹೇಳುವುದಿಲ್ಲ. ಮಳೆ ಬಿದ್ದ ರಸ್ತೆಯ ಮೇಲೆ ಎಣ್ಣೆ ಚೆಲ್ಲಿದಾಗ ಕಾಣುವ ಬಣ್ಣಕ್ಕೂ ಅದಕ್ಕೂ ಕಾರಣ ಒಂದೇ ಅನ್ನುವ ಸುಳಿವು ಕೊಡುತ್ತೇನೆ.

ಇನ್ನು ನಡೆಸುವ ರೀತಿ. ಉತ್ತರಕ್ಕಿಂತ ಮೊದಲು ಅಂದಾಜು ಕೇಳಿ. ಪ್ರತಿಯೊಬ್ಬರೂ 'ದೊಡ್ಡದು', 'ಚಿಕ್ಕದು', '5 ಮೈಕ್ರಾನ್' ಹೀಗೆ ಏನಾದರೂ ಒಂದು ಹೇಳಲೇಬೇಕು. ಒಮ್ಮೆ ಅಂದಾಜು ಹೇಳಿದ ಮನುಷ್ಯ ಉತ್ತರಕ್ಕೆ ಕಾಯುತ್ತಾನೆ. ಸುಮ್ನೆ ಓದಿದವನು ಕಾಯುವುದಿಲ್ಲ. ಟೈಪ್ ಮಾಡಲು ಬೇಸರಪಡುವವರು ವಾಯ್ಸ್ ಮೆಸೇಜ್ ಹಾಕಲಿ. ಸೂತ್ರವನ್ನು ಫೋನಿನಲ್ಲಿ ಕುಟ್ಟಲು ಹೋಗಬೇಡಿ, ಹಾಳೆಯಲ್ಲಿ ಬರೆದು ಫೋಟೋ ಹಾಕಿ. ಮಾತು ಹೇಗೆ ಬರುತ್ತದೋ ಹಾಗೇ ಬರೆಯಲಿ. ಕಾಗುಣಿತ ತಿದ್ದುವವರು ನಿಮ್ಮ ಗ್ರೂಪಿಗೆ ಬೇಡ.

ಶಾಪಿನವರನ್ನೆಲ್ಲ ಸೇರಿಸಿದ್ದೀರಿ. ಅಷ್ಟು ಜನ ಬೇಕಿಲ್ಲ. ನಾಲ್ಕೈದು ಜನ ನಿಜವಾಗಿ ಮಾತಾಡುವವರಿದ್ದರೆ ಉಳಿದವರು ತಾವೇ ಬರುತ್ತಾರೆ. ಒಬ್ಬನೇ ಇದ್ದರೂ ನಡೆಯುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್ ಪಟ್ಟಣದ ಪೇಟೆಂಟ್ ಆಫೀಸಿಗೆ ಐನ್‌ಸ್ಟೈನ್ ಸೇರಿದ್ದು 1902ರಲ್ಲಿ. 1904ರಲ್ಲಿ ಅವರ ಗೆಳೆಯ ಮಿಕೆಲೆ ಬೆಸ್ಸೋ ಕೂಡ ಅಲ್ಲೇ ಕೆಲಸಕ್ಕೆ ಬಂದರು. ಬೆಸ್ಸೋ ಮೆಕ್ಯಾನಿಕಲ್ ಇಂಜಿನಿಯರ್. ಕೆಲಸ ಮುಗಿಸಿ ಇಬ್ಬರೂ ಮಾತಾಡುತ್ತಾ ಮನೆ ಕಡೆ ನಡೆಯುತ್ತಿದ್ದರು. ಐನ್‌ಸ್ಟೈನರ 1905ರ ಸಾಪೇಕ್ಷತಾ (ರಿಲೇಟಿವಿಟಿ) ಲೇಖನದಲ್ಲಿ ಬೇರೆ ಯಾವ ಲೇಖನದ ಉಲ್ಲೇಖದ ಪಟ್ಟಿಯೂ ಇಲ್ಲ. ಕೊನೆಯಲ್ಲಿ ಕೃತಜ್ಞತೆ ಇರುವುದು ಒಬ್ಬರಿಗೆ ಮಾತ್ರ, ಆಫೀಸಿನ ಈ ಗೆಳೆಯನಿಗೆ. ನಿಮ್ಮ ಡಿಪ್ಲೊಮಾ ಬಗ್ಗೆ ಕೊರಗಿದ್ದೀರಲ್ಲ, ಅದಕ್ಕೇ ಇದನ್ನು ಹೇಳಿದೆ. ಕೆಲಸದ ಜಾಗದಲ್ಲಿ ಫಿಸಿಕ್ಸ್ ಮಾತಾಡುವುದು ಹೊಸದೂ ಅಲ್ಲ, ಸಣ್ಣದೂ ಅಲ್ಲ.

ದಿನ ತಪ್ಪಿಸಬೇಡಿ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಅವರು ಸ್ವತಃ ಫಿಸಿಕ್ಸ್ ಮೇಷ್ಟ್ರು. ವಾರವಾರವೂ ಬುಧವಾರ ಸಂಜೆ ಉಪನ್ಯಾಸ. ಫಸ್ಟ್ ಶಿಫ್ಟ್ ಮುಗಿಸಿ ನಾವು ಕೆಲವರು ಬಸ್ ಹಿಡಿದು ಹೋಗುತ್ತಿದ್ದೆವು. ಇವತ್ತು ಯಾವ ವಿಷಯ ಅಂತಲೂ ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ. ಬುಧವಾರ ಅನ್ನುವುದು ಗೊತ್ತಿದ್ದರೆ ಸಾಕಿತ್ತು. ನಿಮ್ಮ ಗ್ರೂಪಿಗೂ ದಿನ ಗೊತ್ತು ಮಾಡಿ. ಪ್ರಶ್ನೆ ಬರುವ ದಿನ ಒಂದು, ಉತ್ತರ ಮಾತಾಡುವ ದಿನ ಇನ್ನೊಂದು. ಉತ್ತರದ ದಿನ ಫೋನು ಪಕ್ಕಕ್ಕಿಟ್ಟು, ಟೀ ಹಿಡಿದುಕೊಂಡು ಎದುರುಬದುರು ಮಾತಾಡಿ. ಫೋನು ಪ್ರಶ್ನೆಯನ್ನು ವಾರಪೂರ್ತಿ ಹಿಡಿದಿಡಲಿ, ಸಾಕು.

ಇನ್ನು ಆ ನಾಸಾ ಫಾರ್ವರ್ಡು. ರಾತ್ರಿ ಹನ್ನೆರಡೂವರೆಯಿಂದ ಮೂರೂವರೆವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಫೋನ್ ಆಫ್ ಮಾಡಿ ಅನ್ನುವುದು ತಾನೇ? ಎಷ್ಟೋ ವರ್ಷದಿಂದ ಊರೂರು ಸುತ್ತುತ್ತಿರುವ ಸುಳ್ಳು. ಹಾಕಿದವರನ್ನು ಬೈದರೆ ಅವರು ಗ್ರೂಪೇ ಬಿಟ್ಟು ಹೋಗುತ್ತಾರೆ. ಅದನ್ನೇ ಆ ವಾರದ ಪ್ರಶ್ನೆ ಮಾಡಿ. ಕಾಸ್ಮಿಕ್ ಕಿರಣ, ಅಂದರೆ ಬಾಹ್ಯಾಕಾಶದಿಂದ ಬರುವ ವೇಗದ ಕಣ, ಅನ್ನುವುದು ಇದೆಯಾ? ಇದೆ. ರಾತ್ರಿ ಮಾತ್ರ ಬರುತ್ತದಾ? ಇಲ್ಲ, ಹಗಲೂ ರಾತ್ರಿ ಬರುತ್ತಲೇ ಇರುತ್ತದೆ. ಮೇಲಿನ ಗಾಳಿಗೆ ಬಡಿದು ಮ್ಯೂಯಾನ್ ಎಂಬ ಕಣಗಳು ಹುಟ್ಟಿ ಕೆಳಗೆ ಸುರಿಯುತ್ತವೆ. ನೆಲದ ಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು. ಅಂಗೈ ಚಾಚಿ, ಈ ಸಾಲು ಓದಿ ಮುಗಿಸುವಷ್ಟರಲ್ಲಿ ಕೆಲವು ಅದರ ಮೂಲಕ ತೂರಿಹೋಗಿರುತ್ತವೆ. ಫೋನಿಗೂ ಏನೂ ಆಗಿಲ್ಲ, ನಿಮಗೂ ಏನೂ ಆಗಿಲ್ಲ.

ಈ ಮ್ಯೂಯಾನ್‌ಗಳ ಕಾಟ ತಪ್ಪಿಸಿಕೊಳ್ಳಲೆಂದೇ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಗೆ ಇಳಿದರು. ಎರಡು ಕಿಲೋಮೀಟರಿಗಿಂತ ಹೆಚ್ಚು ಆಳ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್, ಮೂರೂ ಕಡೆಯವರು ಸೇರಿದ್ದರು. ಮೇಲಿನ ಬಂಡೆ ಮ್ಯೂಯಾನ್‌ಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ತಡೆಯುತ್ತದೆ. ಬಂಡೆಯನ್ನೂ ಲೆಕ್ಕಿಸದೆ ಬರುವ ನ್ಯೂಟ್ರಿನೋ ಎಂಬ ಕಣಗಳ ಗುರುತು ಆಗ ಕಾಣುತ್ತದೆ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು 1965ರಲ್ಲಿ ಅಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ಕಿತು. ಬೆಂಗಳೂರಿನ ಶಾಪುಗಳಲ್ಲಿ ಕೆಜಿಎಫ್ ಕಡೆಯವರು ಇದ್ದೇ ಇರುತ್ತಾರೆ. ನಿಮ್ಮಲ್ಲಿ ಯಾರಾದರೂ ಇದ್ದರೆ ಮಾತನ್ನು ಅವರಿಗೆ ಬಿಟ್ಟುಕೊಡಿ. ಗಣಿಯ ಆಳದ ಸೆಕೆಯ ಬಗ್ಗೆ ಮನೆಯಲ್ಲಿ ಹಿರಿಯರು ಹೇಳಿದ್ದನ್ನು ಅವರು ಹೇಳಲಿ. ಕೆಳಕ್ಕೆ ಹೋದಷ್ಟೂ ಬಂಡೆ ಬಿಸಿಯಾಗುವುದು ಯಾಕೆ ಅನ್ನುವುದು ಮುಂದಿನ ವಾರಕ್ಕಾಯಿತು.

ಒಂದು ಎಚ್ಚರ. ಕಸ್ಟಮರ್ ಡ್ರಾಯಿಂಗ್, ಜಾಬು, ಫಿಕ್ಸ್ಚರ್ ಇವುಗಳ ಫೋಟೋ ಗ್ರೂಪಿಗೆ ಬರಲೇಬಾರದು. ಬ್ಯಾಕ್‌ಗ್ರೌಂಡಿನಲ್ಲಿ ಕಂಡರೂ ತಪ್ಪೇ, ಕೆಲಸಕ್ಕೇ ಸಂಚಕಾರ ಬರುತ್ತದೆ. ಪ್ರಯೋಗಕ್ಕೆ ಸ್ಕ್ರ್ಯಾಪಿನ ತುಂಡು ಬಳಸಿ. ಮೆಷಿನ್ ಓಡುವಾಗ ಫೋನು ಜೇಬಿನಲ್ಲಿರಲಿ. ಈ ಎರಡು ಮಾತನ್ನು ಸೂಪರ್‌ವೈಸರಿಗೆ ನೀವೇ ಮುಂದಾಗಿ ಹೇಳಿದರೆ ಅವರ ಅರ್ಧ ಆತಂಕ ಹೋಗುತ್ತದೆ.

ಪ್ರಶ್ನೆ: ಮೇಡಂ, ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ಶಿಫ್ಟ್ ಆಪರೇಟರ್. ಐಟಿಐ ಓದಿದ್ದೇನೆ. ನಮಗೂ ವಿಜ್ಞಾನ ಮಾತಾಡುವ ಆಸೆ. ಆದರೆ ಒಂದು ಶಿಫ್ಟಿಗೆ ಇಬ್ಬರು ಮೂವರು ಮಾತ್ರ. ಚಾರ್ಜ್ ಕೊಡುವಾಗ, ತೆಗೆದುಕೊಳ್ಳುವಾಗ ಐದು ನಿಮಿಷ ಸಿಗುತ್ತೇವೆ. ನಮ್ಮಂಥವರು ಏನು ಮಾಡಬೇಕು?
— ಓದುಗರೊಬ್ಬರು, ಚಿತ್ರದುರ್ಗ ಜಿಲ್ಲೆ

ಉತ್ತರ: ಮೇಲಿನವರಿಗೆ ಫೋನು ಪಕ್ಕಕ್ಕಿಡಿ ಅಂದೆ. ನಿಮಗೆ ಮಾತ್ರ ಫೋನೇ ಕಟ್ಟೆ. ಒಬ್ಬರು ನೈಟ್ ಶಿಫ್ಟಿನಲ್ಲಿ ನೋಡಿದ್ದನ್ನು ಗ್ರೂಪಿನಲ್ಲಿ ಬಿಟ್ಟು ಹೋಗಲಿ, ಬೆಳಿಗ್ಗೆ ಬಂದವರು ಅದಕ್ಕೆ ಇನ್ನೊಂದು ಸೇರಿಸಲಿ. ಲಾಗ್ ಬುಕ್ ಬರೆಯುವ ಅಭ್ಯಾಸ ನಿಮಗೆ ಇದ್ದೇ ಇದೆ. ಎಷ್ಟು ಹೊತ್ತಿಗೆ, ಹವಾಮಾನ ಹೇಗಿತ್ತು, ಏನು ಕಂಡಿತು, ಏನು ಕೇಳಿಸಿತು ಅಂತ ಅದೇ ಶಿಸ್ತಿನಲ್ಲಿ ಬರೆಯಿರಿ.

ನಿಮ್ಮ ಪವರ್ ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದಿನಿಂದ ಶುರು ಮಾಡಿ. ಕರೆಂಟು 50 ಹರ್ಟ್ಸ್ ಅಂದಮೇಲೆ ಸದ್ದು ಎಷ್ಟು ಹರ್ಟ್ಸ್ ಇರಬೇಕು? ಎಲ್ಲರ ಅಂದಾಜು ಬರಲಿ. ಜರ್ಮನಿಯ ಆಕೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅಂತ ಒಂದು ಆಪ್ ಇದೆ, ದುಡ್ಡು ಕೊಡಬೇಕಿಲ್ಲ. ಫೋನಿನ ಮೈಕು, ಅಯಸ್ಕಾಂತದ ಸೆನ್ಸರು ಎಲ್ಲವನ್ನೂ ಅಳತೆಯ ಉಪಕರಣ ಮಾಡಿಕೊಡುತ್ತದೆ. ಅದರಲ್ಲಿ ಸದ್ದಿನ ಸ್ಪೆಕ್ಟ್ರಮ್, ಅಂದರೆ ಯಾವ ಹರ್ಟ್ಸಿನ ಸದ್ದು ಎಷ್ಟಿದೆ ಅನ್ನುವ ಚಿತ್ರ, ತೆಗೆಯಿರಿ. 100, 200, 300 ಹೀಗೆ ಗೆರೆಗಳು ಏಳುತ್ತವೆ. 50 ಯಾಕೆ ಏಳುವುದಿಲ್ಲ? ಕೋರಿನ (ತಂತಿ ಸುತ್ತಿರುವ ನಡುಭಾಗದ) ಉಕ್ಕು ಅಯಸ್ಕಾಂತವಾದಾಗ ಕೂದಲೆಳೆಗಿಂತ ಎಷ್ಟೋ ಪಾಲು ಕಮ್ಮಿ ಉದ್ದ ಬದಲಾಯಿಸುತ್ತದೆ. ಉತ್ತರ ಧ್ರುವ ಈ ಕಡೆ ಇರಲಿ ಆ ಕಡೆ ಇರಲಿ, ಉಕ್ಕಿಗೆ ಎರಡೂ ಒಂದೇ. ಹಾಗಾಗಿ ಕರೆಂಟಿನ ಒಂದು ಸುತ್ತಿಗೆ ಎರಡು ಸಲ ಮಿಡಿಯುತ್ತದೆ.

ಯಾರ್ಡಿನಲ್ಲಿ ಜಲ್ಲಿ ಹಾಸಿರುವುದು ಯಾಕೆ ಅಂತಲೂ ಕೇಳಿ. ಹುಲ್ಲು ಬೆಳೆಯದಿರಲಿ ಅಂತ, ಹಾವು ಬಾರದಿರಲಿ ಅಂತ, ಹೀಗೆ ಉತ್ತರ ಬರುತ್ತವೆ. ಫಾಲ್ಟ್ ಆಗಿ ಕರೆಂಟು ನೆಲಕ್ಕೆ ಇಳಿದಾಗ, ನಿಮ್ಮ ಎರಡು ಪಾದಗಳಿರುವ ಜಾಗದಲ್ಲೇ ವೋಲ್ಟೇಜು ಬೇರೆ ಬೇರೆ ಇರುತ್ತದೆ. ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯಲು ಕರೆಂಟು ನೋಡುತ್ತದೆ. ಜಲ್ಲಿಯ ಪದರ ಪಾದಕ್ಕೂ ಮಣ್ಣಿಗೂ ನಡುವೆ ರೆಸಿಸ್ಟೆನ್ಸ್ ಹೆಚ್ಚಿಸಿ ನಿಮ್ಮ ಜೀವ ಕಾಯುತ್ತದೆ. ಅದಕ್ಕೇ ಜಲ್ಲಿಯ ಮೇಲೆ ಮಣ್ಣು ಕೂರಲು ಬಿಡಬಾರದು. ಮಂಜು ಬಿದ್ದ ಬೆಳಗಿನ ಜಾವ ಲೈನು ಜಾಸ್ತಿ ಚರಚರ ಅನ್ನುತ್ತದಲ್ಲ, ಅದು ತಂತಿಯ ಮೇಲಿನ ನೀರಹನಿಗಳ ಮೊನೆಯಲ್ಲಿ ಗಾಳಿ ಅಯಾನುಗಳಾಗಿ ಒಡೆಯುವ ಸದ್ದು. ಯಾವ ದಿನ ಹೆಚ್ಚು, ಯಾವ ದಿನ ಕಮ್ಮಿ ಅಂತ ಮೂರೂ ಶಿಫ್ಟಿನವರು ಬರೆದಿಟ್ಟರೆ ಒಂದು ಚಳಿಗಾಲದಲ್ಲಿ ಒಳ್ಳೆಯ ದಾಖಲೆ ಸಿಗುತ್ತದೆ.

ಎಲ್ಲವನ್ನೂ ಕಂಟ್ರೋಲ್ ರೂಮಿನಿಂದ, ಓಡಾಡಲು ಅನುಮತಿ ಇರುವ ಜಾಗದಿಂದ ಮಾತ್ರ ಮಾಡಿ. ಕಣ್ಣು, ಕಿವಿ, ಫೋನು, ಇಷ್ಟೇ ನಿಮ್ಮ ಉಪಕರಣ. ಕೋಲು, ವೈರು, ಏಣಿ ಹಿಡಿದು ಯಾರೂ ಲೈವ್ ಸಾಮಾನಿನ ಹತ್ತಿರ ಹೋಗಕೂಡದು. ಈ ಒಂದು ವಿಷಯದಲ್ಲಿ ಕುತೂಹಲಕ್ಕೆ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಪ್ರಶ್ನೆ: ಮೇಡಂ, ಮೈಸೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಫಿಸಿಕ್ಸ್ ಗ್ರೂಪ್ ಇದೆ. ಪ್ರಶ್ನೆ ಹಾಕಿದ ಎರಡೇ ನಿಮಿಷಕ್ಕೆ ಇಬ್ಬರು ಸೀನಿಯರುಗಳು ಎಐಗೆ ಕೇಳಿ ಉದ್ದ ಉತ್ತರ ಅಂಟಿಸುತ್ತಾರೆ. ಆಮೇಲೆ ನಮ್ಮಂಥ ಹುಡುಗಿಯರು ಏನಾದರೂ ಬರೆದರೆ, ಅದನ್ನು ನಮಗೇ ವಾಪಸ್ ವಿವರಿಸುತ್ತಾರೆ. ಈಗ ನಾನು ಓದುವುದನ್ನೂ ಬಿಟ್ಟಿದ್ದೇನೆ.
— ಓದುಗರೊಬ್ಬರು, ಮೈಸೂರು

ಉತ್ತರ: ಓದುವುದನ್ನು ಬಿಡಬೇಡಿ ಮಗಳೇ. ಉತ್ತರ ಎಲ್ಲೂ ಬರೆದಿಟ್ಟಿರದಂಥ ಪ್ರಶ್ನೆ ಕೇಳಿ.

ನಿಮ್ಮ ಕಟ್ಟಡದ ಮೆಟ್ಟಿಲಿನ ನಡುವೆ ಮೇಲಿಂದ ಕೆಳಗಿನವರೆಗೆ ಖಾಲಿ ಜಾಗ ಇದೆಯಾ ನೋಡಿ. ಇದ್ದರೆ ಮೇಲಿನ ಮಹಡಿಯ ಕಂಬಿಗೆ ಗಟ್ಟಿ ನೂಲು ಕಟ್ಟಿ, ತುದಿಗೆ ಒಂದು ಭಾರದ ನಟ್ಟು ಕಟ್ಟಿ ನೆಲದಿಂದ ಒಂದು ಗೇಣು ಮೇಲಕ್ಕೆ ತೂಗಿಬಿಡಿ. ಪ್ರಶ್ನೆ ಹೀಗಿರಲಿ: ಒಂದು ಮೀಟರ್ ನೂಲಿನ ಲೋಲಕ ಹೋಗಿ ಬರಲು ಎರಡು ಸೆಕೆಂಡ್ ತೆಗೆದುಕೊಳ್ಳುತ್ತದೆ. ನಮ್ಮದು ಎಷ್ಟು ತೆಗೆದುಕೊಳ್ಳುತ್ತದೆ? ನೂಲು ಹತ್ತು ಪಟ್ಟಾದರೆ ಸಮಯವೂ ಹತ್ತು ಪಟ್ಟಾಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಆಗುವುದಿಲ್ಲ. ನೂಲು ನಾಲ್ಕು ಪಟ್ಟಾದರೆ ಸಮಯ ಎರಡು ಪಟ್ಟು. ಹತ್ತು ಮೀಟರಿನದು ಸುಮಾರು 6.35 ಸೆಕೆಂಡಿನಲ್ಲಿ ಹೋಗಿ ಬರುತ್ತದೆ. ತಿರುಗಿಸಿ ಹೇಳುವುದಾದರೆ, ಸೆಕೆಂಡನ್ನು ಅದರಿಂದಲೇ ಗುಣಿಸಿ 4ರಿಂದ ಭಾಗಿಸಿದರೆ ನೂಲಿನ ಉದ್ದ ಮೀಟರಿನಲ್ಲಿ ಸಿಗುತ್ತದೆ. ವ್ಯತ್ಯಾಸ ನೂರಕ್ಕೆ ಒಂದರಷ್ಟು ಮಾತ್ರ. ಒಂದು ಸ್ಟಾಪ್ ವಾಚಿನಲ್ಲಿ ನೀವು ಕಟ್ಟಡದ ಎತ್ತರ ಅಳೆದುಬಿಟ್ಟಿರಿ. ಆಮೇಲೆ ಟೇಪು ಇಳಿಬಿಟ್ಟು ತಾಳೆ ನೋಡಿ. ಎಐಗೆ ಸೂತ್ರ ಗೊತ್ತು. ನಿಮ್ಮ ಮೆಟ್ಟಿಲಿನ ಎತ್ತರ ಅದಕ್ಕೆ ಗೊತ್ತಿಲ್ಲ.

ಅಂದಾಜುಗಳು ಗ್ರೂಪಿನಲ್ಲಿ ಬರುವುದು ಬೇಡ. ವಾರಕ್ಕೊಬ್ಬರು ಸಂಗ್ರಹಿಸಲಿ. ಎಲ್ಲರೂ ಅವರಿಗೆ ಬೇರೆಯಾಗಿ ಕಳಿಸಲಿ, ಅಳತೆಯ ದಿನ ಒಟ್ಟಿಗೆ ಹೊರಬರಲಿ. ಸೀನಿಯರುಗಳ ಅಂದಾಜೂ ಆ ಪಟ್ಟಿಯಲ್ಲಿ ಒಂದು ಸಾಲು, ನಿಮ್ಮದೂ ಒಂದು ಸಾಲು. ಮೊದಲ ವಾರ ಸಂಗ್ರಹಿಸುವ ಕೆಲಸ ನೀವೇ ಕೇಳಿ ತೆಗೆದುಕೊಳ್ಳಿ. ಸ್ಟಾಪ್ ವಾಚೂ ನಿಮ್ಮ ಕೈಯಲ್ಲೇ ಇರಲಿ. ನಿಮ್ಮ ಮಾತನ್ನು ನಿಮಗೇ ವಿವರಿಸಲು ಬಂದವರಿಗೆ, 'ಹೌದು ಸಾರ್, ಅದನ್ನೇ ಹೇಳಿದೆ. ನಿಮ್ಮ ಅಂದಾಜು ಎಷ್ಟು?' ಅಂತ ಕೇಳಿ. ಒರಟಾಗಿ ಹೇಳಬೇಕಾಗಿಲ್ಲ, ಆದರೆ ಕೇಳದೆ ಬಿಡಲೂ ಬೇಡಿ.

ಅದಾದ ಮೇಲೆ ಕ್ಯಾಂಟೀನಿಗೆ ಹೋಗಬಹುದು. ಮೈಸೂರು ಸಮುದ್ರಮಟ್ಟಕ್ಕಿಂತ ಮುಕ್ಕಾಲು ಕಿಲೋಮೀಟರಿನಷ್ಟು ಮೇಲಿದೆ. ಅಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 97–98ರ ಆಸುಪಾಸಿಗೇ ಕುದಿಯುತ್ತದೆ. ಅಡುಗೆಯವರ ಅನುಮತಿ ಪಡೆದು ಥರ್ಮಾಮೀಟರ್ ಇಟ್ಟು ನೋಡಿ. ಮಂಗಳೂರಿನ ಕಡೆಯವರು ನಿಮ್ಮಲ್ಲಿದ್ದರೆ, ಊರಿಗೆ ಹೋದಾಗ ಅದೇ ಥರ್ಮಾಮೀಟರಿನಲ್ಲಿ ನೋಡಿ ಬರಲಿ.

ಲೋಲಕ ಕಟ್ಟುವ ದಿನ ಸೆಕ್ಯೂರಿಟಿಯವರಿಗೆ ಮೊದಲೇ ತಿಳಿಸಿ. ನಟ್ಟಿನ ದಾರಿಯಲ್ಲಿ ಯಾರೂ ಬಾರದಂತೆ ಕೆಳಗೆ ಒಬ್ಬರನ್ನು ನಿಲ್ಲಿಸಿ. ಹತ್ತು ಸಲ ತೂಗಿದ್ದನ್ನು ಎಣಿಸಿ ಹತ್ತರಿಂದ ಭಾಗಿಸಿ, ಒಂದನ್ನೇ ಅಳೆದರೆ ಗುಂಡಿ ಒತ್ತುವ ಕೈ ತಡವಾದಷ್ಟೂ ಉತ್ತರ ಕೆಡುತ್ತದೆ. ಸೆಕ್ಯೂರಿಟಿಯವರು ಎಷ್ಟು ಸೆಕೆಂಡ್ ಅನ್ನುತ್ತಾರೆ ಅಂತ ಕೇಳಿ, ಅದನ್ನೂ ಪಟ್ಟಿಗೆ ಸೇರಿಸಿ.